ನಮ್ಮ ಮನೆಯ ಕೋಳಿ, ನಮ್ಮ ಖಾಸಗಿತನ

ನಮ್ಮ ಬೀದಿಯಲ್ಲಿ ಖಾಸಗಿತನ ಹುಟ್ಟಿದ್ದು 2025ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲು ಇರಲಿಲ್ಲ. ನಾನು ಹದಿನಾರು ವರ್ಷದಿಂದ ಇಲ್ಲೇ ಇದ್ದೇನೆ, ಇದ್ದಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಅದನ್ನು ಹುಟ್ಟಿಸಿದ್ದು ಒಬ್ಬ ಟೀಚರಮ್ಮ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಮೊಬೈಲು, ಬ್ಯಾಗಿನಲ್ಲಿ ನೀರಿನ ಬಾಟಲಿ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಬಂದಿದ್ದರು. ಅಷ್ಟುದ್ದದ ಹೆಸರು ಯಾರು ಹೇಳ್ತಾರೆ, ನಾವೆಲ್ಲ ಜಾತಿಗಣತಿ ಅಂದೆವು. ಒಟ್ಟು 60 ಪ್ರಶ್ನೆ.

ಎದುರು ಮನೆಯ ಸಾರ್ ಗೇಟು ತೆಗೆಯಲಿಲ್ಲ. ಗೇಟಿನ ಮೇಲಿಂದಲೇ ಭಾಷಣ ಮಾಡಿದರು. 'ಇದೆಲ್ಲ ನಮ್ಮ ಪರ್ಸನಲ್ ವಿಷಯ ಮೇಡಂ. ಹೇಳಲೇಬೇಕು ಅಂತೇನಿಲ್ಲ ಅಂತ ಹೈಕೋರ್ಟೇ ಹೇಳಿದೆ.' ನಿಜ, ಹೇಳಿದೆ. ಸೆಪ್ಟೆಂಬರ್ 25ರ ಆದೇಶ. ಮಾಹಿತಿ ಕೊಡುವುದು ಜನರ ಇಷ್ಟ, ಬಲವಂತ ಮಾಡಬಾರದು ಅಂತ ಅದರಲ್ಲಿದೆ. ಸಾರ್ ಕೋರ್ಟಿನ ಆದೇಶವನ್ನು ಇಷ್ಟು ಭಕ್ತಿಯಿಂದ ಪಾಲಿಸಿದ್ದು ನಾನು ಇದೇ ಮೊದಲು ನೋಡಿದ್ದು. ಫುಟ್‌ಪಾತಿನ ಮೇಲೆ ಕಾರು ನಿಲ್ಲಿಸಬಾರದು ಅನ್ನುವ ವಿಷಯಕ್ಕೆ ಈ ಭಕ್ತಿ ಇನ್ನೂ ಬಂದಿಲ್ಲ.

ಆದರೂ ಮೆಚ್ಚಬೇಕು. ಎಂತಹ ಜಾಗೃತಿ!

ಇದೇ ಸಾರ್ ಜೊತೆ ನಾನು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಸಾಲಿನಲ್ಲಿ ನಿಂತಿದ್ದೇನೆ. ಕೌಂಟರಿನ ಹುಡುಗಿ 'ಸಾರ್, ನಂಬರ್?' ಅನ್ನುವುದೇ ತಡ, ಹತ್ತೂ ಅಂಕಿಗಳನ್ನು ಹಿಂದಿನ ಹನ್ನೆರಡು ಜನಕ್ಕೂ ಕೇಳುವ ಹಾಗೆ ಹೇಳಿದರು. ಯಾಕೆ? ಪಾಯಿಂಟ್ಸ್ ಬರುತ್ತವೆ. ಮೊಬೈಲ್ ನಂಬರ್ ಕೊಡಲೇಬೇಕು ಅಂತ ಗಿರಾಕಿಗಳಿಗೆ ಅಂಗಡಿಯವರು ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿತ್ತು. ಒತ್ತಾಯ ಎಲ್ಲಿ ಬಂತು? ನಾವೇ ಕೂಗಿ ಹೇಳುತ್ತೇವೆ. ಮಾಲ್‌ನಲ್ಲಿ ಬಹುಮಾನದ ಕಾರು ನಿಲ್ಲಿಸಿ ಲಕ್ಕಿ ಡ್ರಾ ಕೂಪನ್ ಕೊಡುತ್ತಾರಲ್ಲ, ಅದರಲ್ಲಿ ವಿಳಾಸ, ಸಂಬಳ, ಹೆಂಡತಿಯ ಹುಟ್ಟುಹಬ್ಬ, ಮದುವೆಯ ದಿನ ಎಲ್ಲ ಬರೆದು ಡಬ್ಬಕ್ಕೆ ಹಾಕಿ ಬರುತ್ತೇವೆ. ಕಾರು ಮಾತ್ರ ಅಲ್ಲೇ ಇರುತ್ತದೆ. ಫೋನುಗಳು ಬರುತ್ತವೆ.

ಇನ್ನು ಆಧಾರ್ ಜೆರಾಕ್ಸು. ಜಿಮ್ಮಿಗೆ ಒಂದು, ಪಿಜಿಗೆ ಒಂದು, ಲಾಡ್ಜಿಗೆ ಒಂದು. ನಮ್ಮ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಸರಿಯಾಗಿ ಮೂಡದ ಕಾಪಿಗಳ ಹಿಂದೆ ಮಕ್ಕಳು ಲೆಕ್ಕ ಮಾಡುತ್ತಾರೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಗೆ ಒಂದು ಒಳ್ಳೆಯ ಬುದ್ಧಿ ಬಂತು. ಕಂಡಕಂಡವರಿಗೆಲ್ಲ ಜೆರಾಕ್ಸ್ ಕೊಡಬೇಡಿ ಅಂತ ಪ್ರಕಟಣೆ ಹೊರಡಿಸಿತು. ಎರಡೇ ದಿನ. ಜನ ತಪ್ಪು ತಿಳಿದಾರು ಅಂತ ದೆಹಲಿಯವರು ವಾಪಸ್ ತೆಗೆದುಕೊಂಡರು. ಸರ್ಕಾರಿ ಬುದ್ಧಿಗೆ ಎರಡು ದಿನ ಆಯುಸ್ಸು ಜಾಸ್ತಿಯೇ ಆಯ್ತು ಬಿಡಿ.

ಈ ಮಾತಿನ ಮಧ್ಯೆ ಒಬ್ಬರನ್ನು ನೆನೆಯಬೇಕು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅವರ ಕೇಸಿನಲ್ಲೇ. ಆ ಕೇಸಿಗೆ ಅವರದೇ ಹೆಸರು. 2024ರಲ್ಲಿ ತೀರಿಕೊಂಡರು. ಅಷ್ಟು ವಯಸ್ಸಿನಲ್ಲಿ ಅವರು ಕಷ್ಟಪಟ್ಟು ತಂದುಕೊಟ್ಟದ್ದನ್ನು ನಾವು ಮಡಚಿ ಬೀರುವಿನಲ್ಲಿ ಇಟ್ಟಿದ್ದೆವು. ಎಂಟು ವರ್ಷ ಆದಮೇಲೆ ತೆಗೆದು ಒಬ್ಬ ಟೀಚರಮ್ಮನಿಗೆ ತೋರಿಸಿದೆವು.

ಸಮೀಕ್ಷೆಯೇನೂ ಸಾಚಾ ಅಂತ ನಾನು ಹೇಳುತ್ತಿಲ್ಲ. ಅರವತ್ತು ಪ್ರಶ್ನೆ ಅಂದರೆ ಸಾಮಾನ್ಯವಾ? ನನಗೆ ನನ್ನ ಮದುವೆಯ ದಿನವೂ ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಬೆಂಗಳೂರಿನಲ್ಲಿ ಕೋಳಿ, ಕುರಿ, ಚಿನ್ನದ ಲೆಕ್ಕ ಕೇಳಬೇಡಿ ಅಂತ ಉಪ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ನನಗೆ ಅದೊಂದೇ ಬೇಜಾರು. ಶಾಲೆಯಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಎಣಿಸುವವರೂ ಟೀಚರೇ. ಮೊಟ್ಟೆ ಎಣಿಸಿದವರು ಕೋಳಿಯನ್ನೂ ಎಣಿಸಿದ್ದರೆ ಲೆಕ್ಕ ತಾಳೆಯಾಗುತ್ತಿತ್ತು. ಎಲೆಕ್ಷನ್ ಬಂದರೆ ಟೀಚರ್, ಮತದಾರರ ಪಟ್ಟಿಗೆ ಟೀಚರ್, ಗಣತಿಗೆ ಟೀಚರ್. ಪಾಠ ಮಾಡುವುದಕ್ಕೆ ಬೇರೆ ಯಾರನ್ನಾದರೂ ನೋಡಬೇಕು.

ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಹುಡುಕಿಸಿದರು. ಆ್ಯಪ್ ತೆರೆಯದು, ತೆರೆದರೆ ನೆಟ್‌ವರ್ಕ್ ಇರದು, ಇದ್ದರೆ ಓಟಿಪಿ ಬಾರದು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಯಾವ ಶಾಲೆಗಳಿಗೆ? ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಟಿವಿಯಲ್ಲಿ ಖಾಸಗಿತನದ ಚರ್ಚೆ ನಡೆಸುತ್ತಿದ್ದವರ ಮಕ್ಕಳು ಖಾಸಗಿ ಶಾಲೆಗೆ ಹೋಗಿ ಪಾಠ ಕೇಳಿ ಬಂದರು. ಹಿಂದುಳಿದವರು ಎಷ್ಟು ಹಿಂದುಳಿದಿದ್ದಾರೆ ಅಂತ ತಿಳಿಯಲು ಅವರ ಮಕ್ಕಳ ಶಾಲೆಯನ್ನೇ ಮುಚ್ಚಿದರು. ಇದಕ್ಕೆ ನಗಬೇಕು ಅಂತ ಕೂತೆ. ಆಗಲಿಲ್ಲ.

ಹೋಗಲಿ, ಎದುರು ಮನೆಗೆ ಬರೋಣ. ಭಾಷಣ ಮುಗಿದ ಮೇಲೆ ಸಾರ್ ಸ್ವಲ್ಪ ಮೆತ್ತಗಾದರು. ಬಿಸಿಲಲ್ಲಿ ನಿಂತ ಹೆಂಗಸು, ಕುಡಿಯಲು ನೀರು ಕೊಡಬೇಕು ಅನ್ನಿಸಿರಬೇಕು. ಒಳಗೆ ಕೂಗುವ ಮೊದಲು ಕೇಳಿದರು, 'ಅಂದಹಾಗೆ ಮೇಡಂ, ನೀವು ಯಾವ ಜನ?'

ಟೀಚರಮ್ಮ ಬಾಟಲಿ ತೆಗೆದು ತಮ್ಮದೇ ನೀರು ಕುಡಿದರು. ಪಕ್ಕದ ಮನೆಗೆ ಹೋದರು. ಮುಖದಲ್ಲಿ ಬೇಸರವೂ ಇರಲಿಲ್ಲ, ಬಹುಶಃ ಅವತ್ತಿನ ಏಳನೆಯದೋ ಎಂಟನೆಯದೋ.

ಸರ್ಕಾರ ಇಷ್ಟೊಂದು ಪ್ರಶ್ನೆ ಇಟ್ಟುಕೊಂಡು ಒದ್ದಾಡುವ ಬದಲು ನಮ್ಮ ಬೀದಿಯ ಮನೆ ಮಾಲೀಕರ ಹತ್ತಿರ ಟ್ರೈನಿಂಗ್ ತೆಗೆದುಕೊಳ್ಳಬಹುದಿತ್ತು. ನಮ್ಮವರಿಗೆ ನಾಲ್ಕು ಪ್ರಶ್ನೆ ಸಾಕು. ಯಾವ ಊರು? ಅಪ್ಪನ ಹೆಸರೇನು? ವೆಜ್ಜಾ, ನಾನ್‌ವೆಜ್ಜಾ? ಇಷ್ಟಕ್ಕೂ ಗೊತ್ತಾಗದಿದ್ದರೆ ಬ್ರಹ್ಮಾಸ್ತ್ರ ಒಂದಿದೆ, ಮನೆದೇವ್ರು ಯಾವುದು? ಎಷ್ಟು ಮರ್ಯಾದಸ್ಥ ಪ್ರಶ್ನೆ ನೋಡಿ. ಜಾತಿಯ ಹೆಸರೇ ಎತ್ತುವುದಿಲ್ಲ, ದೇವರನ್ನು ಮುಂದೆ ಬಿಡುತ್ತಾರೆ. ಆ್ಯಪ್ ಬೇಡ, ಸರ್ವರ್ ಬೇಡ. ಎರಡು ನಿಮಿಷಕ್ಕೆ ವರದಿ ಸಿದ್ಧ, ಅನುಷ್ಠಾನವೂ ಆಗಿಬಿಡುತ್ತದೆ. ಇದಕ್ಕೂ ಮುಂಚೆ 2015ರಲ್ಲಿ ನಡೆದಿದ್ದ ಇಂಥದೇ ಸಮೀಕ್ಷೆಯ ವರದಿ ಸರ್ಕಾರದ ಕೈಗೆ ಸೇರಿದ್ದು 2024ರಲ್ಲಿ. ನಮ್ಮ ಮಾಲೀಕರ ವೇಗ ಯಾರಿಗಿದೆ?

ನಮ್ಮ ಆಫೀಸಿಗೆ ರಾಯಚೂರು ಕಡೆಯ ಒಬ್ಬ ಹುಡುಗ ಸೇರಿದ. ಒಳ್ಳೆ ಸಂಬಳ, ಅಡ್ವಾನ್ಸ್ ಕೈಯಲ್ಲಿತ್ತು. ಹನ್ನೊಂದು ಮನೆ ನೋಡಿದ. ಎಲ್ಲ ಕಡೆಯೂ ಮಾತು ಚೆನ್ನಾಗಿಯೇ ಶುರುವಾಗುತ್ತಿತ್ತು, ಕಾಫಿಯೂ ಬರುತ್ತಿತ್ತು. ಅಪ್ಪನ ಹೆಸರು ಹೇಳಿದ ಮೇಲೆ 'ಅಯ್ಯೋ, ನಿನ್ನೆಯೇ ಕೊಟ್ಟುಬಿಟ್ವಿ' ಅನ್ನುತ್ತಿದ್ದರು. ಬೋರ್ಡ್ ತಿಂಗಳಾದರೂ ಅಲ್ಲೇ ನೇತಾಡುತ್ತಿತ್ತು. ಹೆಸರಲ್ಲೇ ಧರ್ಮ ಗೊತ್ತಾಗುವವರಿಗಂತೂ ಆ ಕಾಫಿಯೂ ಇಲ್ಲ. ಬ್ರೋಕರ್ ಫೋನಿನಲ್ಲೇ ಮುಗಿಸುತ್ತಾನೆ. ಇದನ್ನು ವಿಡಂಬನೆ ಮಾಡಿ ಬರೆಯುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಆ ಹುಡುಗ ಈಗ ಕೆಂಗೇರಿ ದಾಟಿ ಒಂದು ಪಿಜಿಯಲ್ಲಿದ್ದಾನೆ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುತ್ತಾನೆ. ಸಾಕಾಗಿದೆ ನನಗೆ, ಇಷ್ಟೇ.

ಈಗ ಎದುರು ಮನೆಯ ಮಹಡಿ ಖಾಲಿಯಾಗಿದೆ. ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿದ್ದಾರೆ. ಬೋರ್ಡಿನ ತುಂಬ ಅವರ ಫೋನ್ ನಂಬರ್. ಅದೇ ನಂಬರು, ಸಮೀಕ್ಷೆಯವರಿಗೆ ಕೊಡಲು ಒಪ್ಪದೇ ಇದ್ದದ್ದು. ರಸ್ತೆಯ ಆ ತುದಿಯಿಂದಲೂ ಓದಬಹುದು, ಅಷ್ಟು ದಪ್ಪ ಅಕ್ಷರ.

ನಿನ್ನೆ ಕುತೂಹಲ ತಡೆಯದೆ ಆಫೀಸಿನ ಫೋನಿನಿಂದ ಮಾಡಿ ನೋಡಿದೆ. ಸಾರ್ ಎತ್ತಿದರು. 'ಮನೆ ಇದೆಯಂತೆ, ನೋಡಬಹುದಾ?' ಅಂದೆ.

'ನೋಡಬಹುದು, ನೋಡಬಹುದು. ನಿಮ್ಮ ಹೆಸರೇನು?'

ಒಂದು ಹೆಸರು ಹೇಳಿದೆ, ಬರೀ ಹೆಸರು.

'ಅಲ್ಲ, ಪೂರ್ತಿ ಹೆಸರು ಹೇಳಿ.'