ಭಾವನ ಡಿಶ್ಶು, ಅಮ್ಮನ ಚಂದನ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮಂಥ ಕನ್ನಡದ ಮನೆಗಳಿಗೆ ಡಿಶ್ ಹಾಕಿಸುವುದು ಒಂದು ರಗಳೆ. ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಳ್ಳುವ ಕಂಪನಿಯವರು ಪಿನ್ ಕೋಡ್ ಕೇಳಿದ ಕೂಡಲೇ ಮಲಯಾಳಂ ಪ್ಯಾಕ್ ಹಾಕಿಬಿಡುತ್ತಾರೆ. ಅಮ್ಮನಿಗೆ ಬೇಕಾದದ್ದು ದೂರದರ್ಶನದ ಕನ್ನಡ ಚಾನೆಲ್ ಚಂದನ ಒಂದೇ. ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಸಾಕು ಅಂತಾಯಿತು. ಬಾಕ್ಸು, ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಎರಡನ್ನೂ ಕುಂಬಳೆಯಿಂದ ತಂದೆ.

ಅಷ್ಟರಲ್ಲಿ ಪುತ್ತೂರಿನ ಭಾವನ ಫೋನು. "ಡಿಶ್ಶಿಗೆ ಸುಮ್ನೆ ಯಾಕೆ ದುಡ್ಡು ಹಾಕ್ತಿ? ನಮ್ಮ ಕೊಟ್ಟಿಗೆಯಲ್ಲಿ ಉಂಟು." ಉಂಟು ನಿಜ. ಪಿಕಪ್‌ನಿಂದ ಇಳಿಸಲು ನಾಲ್ಕು ಜನ ಬೇಕಾಯಿತು. 8 ಅಡಿ ಅಗಲ, ಪೂರ್ತಿ ಜಾಲರಿ, ಅಲ್ಲಲ್ಲಿ ಕೋಳಿಯ ಪುಕ್ಕ. ದೊಡ್ಡದಾದಷ್ಟೂ ಚಾನೆಲ್ ಜಾಸ್ತಿ ಎಂಬುದು ಭಾವನ ಸಿದ್ಧಾಂತ.

ಮೆಕ್ಯಾನಿಕ್ ಬಂದವನು ಅದನ್ನು ನೋಡಿ ಜಗಲಿಯಲ್ಲಿ ಕೂತೇಬಿಟ್ಟ. ಅದು ಸಿ ಬ್ಯಾಂಡ್ ಎಂಬ ಉದ್ದ ಅಲೆಯ ಸಿಗ್ನಲಿನದ್ದು. ಆ ಅಲೆ ಏಳೆಂಟು ಸೆಂಟಿಮೀಟರ್ ಉದ್ದ, ಜಾಲರಿಯ ತೂತಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಕೆಯು ಬ್ಯಾಂಡಿನಲ್ಲಿ. ಅದರ ಅಲೆ ಎರಡೂವರೆ ಸೆಂಟಿಮೀಟರ್ ಅಷ್ಟೇ. ಅದಕ್ಕೆ ತೂತಿಲ್ಲದ, ಡೊಂಕಿಲ್ಲದ ಡಿಶ್ ಬೇಕು. ಎರಡು ಮೂರು ಅಡಿ ಇದ್ದರೆ ಧಾರಾಳ.

ಭಾವ ಸೋಲುವವನಲ್ಲ. ಕಿಸೆಯಿಂದ ಹಳೇ ಎಲ್‌ಎನ್‌ಬಿ ತೆಗೆದ. ಮಾಸಿದ ಚೀಟಿಯಲ್ಲಿ 5150 ಎಂದಿತ್ತು. ನಾನು ತಂದದ್ದರಲ್ಲಿ 9750/10600. ಆಕಾಶದಿಂದ ಬಂದ ಸಿಗ್ನಲಿನ ಆವರ್ತನವನ್ನು ಬಾಕ್ಸಿಗೆ ಎಟುಕುವಷ್ಟು ಕೆಳಗಿಳಿಸುವ ಲೆಕ್ಕ ಅದು, ಬ್ಯಾಂಡಿಗೆ ತಕ್ಕಂತೆ ಬೇರೆ ಬೇರೆ.

"ನಂಬರ್ ತಾನೇ? ಮೆನುವಿನಲ್ಲಿ ಬದಲಿಸಿದರಾಯಿತು," ಎಂದ ಭಾವ.

"ಬಾಕ್ಸ್ ನಂಬೀತು, ಉಪಗ್ರಹ ನಂಬಬೇಕಲ್ಲ," ಎಂದ ಮೆಕ್ಯಾನಿಕ್.

ಕೊನೆಗೆ ಸಣ್ಣ ಡಿಶ್ಶೇ ಬಂತು. ಆಗ್ನೇಯಕ್ಕೆ ತಿರುಗಿಸಿದರೆ ಎದುರಿಗೆ ತೆಂಗಿನಮರ! ಭಾವ ಕತ್ತಿ ಎಲ್ಲಿ ಎಂದು ಹುಡುಕತೊಡಗಿದ. ಅಮ್ಮ ಮರದ ಬುಡದಲ್ಲೇ ನಿಂತರು. ಮೆಕ್ಯಾನಿಕ್ ನಕ್ಕ. ಈ ಡಿಶ್ಶಿನ ಮುಖ ಒಂದು ಕಡೆ, ದೃಷ್ಟಿ ಇನ್ನೊಂದು ಕಡೆ. ಮುಖ ಇರುವುದಕ್ಕಿಂತ ಸುಮಾರು 25 ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. ಮರ ಬಚಾವಾಯಿತು. ಅವನು ಮಾಡಿನ ಮೇಲೆ ಕೂದಲೆಳೆಯಷ್ಟು ತಿರುಗಿಸುವುದು, ನಾನು ಒಳಗಿಂದ "ಬಂತು, ಹೋಯ್ತು" ಎಂದು ಕೂಗುವುದು. ಅಂತೂ ಚಂದನ ಬಂತು.

ಮೊನ್ನೆ ಆಟಿ ತಿಂಗಳ ಜಡಿಮಳೆಗೆ ಪರದೆಯೆಲ್ಲ ಚೌಕ ಚೌಕವಾಗಿ ಚಂದನ ಮಾಯ. ಭಾವನಿಗೆ ಅದು ಹೇಗೆ ಗೊತ್ತಾಯಿತೋ. "ನನ್ನ ಡಿಶ್ಶಾದರೆ ಮಳೆಗೆ ಜಗ್ಗುತ್ತಿರಲಿಲ್ಲ, ಅಲ್ವಾ?" ಮಾತು ಸತ್ಯವೇ. ಸಿ ಬ್ಯಾಂಡಿಗೆ ಮಳೆಯ ಕಾಟ ತೀರಾ ಕಡಿಮೆ. ಆದರೆ ಹೌದು ಎಂದರೆ ನಾಳೆಯೇ ಅದನ್ನು ಮಾಡಿಗೆ ಹತ್ತಿಸುವ ಜನ. "ಹಲೋ, ಹಲೋ, ಇಲ್ಲಿ ರೇಂಜೇ ಇಲ್ಲ ಭಾವ," ಎಂದು ಫೋನ್ ಇಟ್ಟೆ.