ಬಾಣದ ರೆಸ್ಟ್ ಬಗ್ಗೆ ಓಡಾಡುತ್ತಿರುವ ಮೆಸೇಜ್: ಒಂದು ಸ್ಪಷ್ಟನೆ

ಚಿಕ್ಕಮಗಳೂರಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. ಕಾಂಪೌಂಡ್ ಬಿಲ್ಲಿಗೆ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಡ್ರಾಪ್ ಅವೇ ಎಂಬ ರೆಸ್ಟ್ (ಹೊಡೆಯುವ ಮುನ್ನ ಬಾಣ ಕೂರುವ ಆಸರೆ) ಹಾಕಿದರೆ ಮಾತ್ರ ಗುರಿ ಸಿಗುತ್ತದಂತೆ, ಉಳಿದದ್ದೆಲ್ಲ ದಂಡವಂತೆ, ಬಿಲ್ಲು ಬಂದೂಕಲ್ಲವಾದ್ದರಿಂದ ತೋಟಕ್ಕೆ ನುಗ್ಗುವ ಹಂದಿಯನ್ನು ಹೊಡೆದರೂ ಕೇಸಿಲ್ಲವಂತೆ. ಎರಡೂ ತಪ್ಪು.

ಮೊದಲು ಹಂದಿ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೈಯಲ್ಲಿ ಯಾವ ಆಯುಧ ಇತ್ತು ಅಂತ ನೋಡುವುದಿಲ್ಲ. ಕೊಲ್ಲುವುದು, ಹಿಡಿಯುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಅನುಮತಿ ಇಲ್ಲದೆ ಬಿಲ್ಲೆತ್ತಿದರೂ ಕೇಸಾಗುತ್ತದೆ. ಬೆಳೆ ಹಾಳಾಗಿದ್ದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಇನ್ನು ರೆಸ್ಟ್. ಬಿಲ್ಲುಬೇಟೆಗೆ ಕಾನೂನಿನ ಅವಕಾಶವಿರುವ ಅಮೆರಿಕದಂಥ ಕಡೆ ಡ್ರಾಪ್ ಅವೇ, ವಿಸ್ಕರ್ ಬಿಸ್ಕೆಟ್ ಎಂಬ ಎರಡೂ ಬಗೆಯ ರೆಸ್ಟ್ ಬಳಸುತ್ತಾರೆ. ಡ್ರಾಪ್ ಅವೇಯಲ್ಲಿ ಬಿಲ್ಲಿನ ಹಗ್ಗ ಬಿಟ್ಟ ಕೂಡಲೇ ಬಾಣ ಹೊತ್ತ ರೆಸ್ಟ್‌ನ ತೋಳು ಕೆಳಗೆ ಬೀಳುತ್ತದೆ, ಹಿಂದಿನ ಗರಿ ಎಲ್ಲೂ ತಾಗುವುದಿಲ್ಲ, ಇದು ನಿಜವಾದ ಲಾಭ. ಆದರೆ ತೋಳು ಬೀಳುವ ಸಮಯ ಸರಿಯಾಗಿ ಹೊಂದಿರಬೇಕು. ಆ ತೋಳಿಗೆ ಕಟ್ಟಿದ ಸಣ್ಣ ದಾರ ಸಡಿಲವಾದರೂ ಬಾಣ ಎಲ್ಲೋ ಹೋಗುತ್ತದೆ. ವಿಸ್ಕರ್ ಬಿಸ್ಕೆಟ್‌ನಲ್ಲಿ ಬ್ರಷ್ಷಿನಂಥ ಎಳೆಗಳು ಬಾಣವನ್ನು ಸುತ್ತಲೂ ಹಿಡಿದಿರುತ್ತವೆ. ಗರಿ ಉಜ್ಜಿಕೊಂಡು ಹೋಗುವುದರಿಂದ ವೇಗ ಸ್ವಲ್ಪ ಕಮ್ಮಿಯಾಗುತ್ತದೆ, ಗರಿಯೂ ಸವೆಯುತ್ತದೆ, ಅಷ್ಟೇ. ಬಿಲ್ಲು ವಾಲಿದರೂ ಬಾಣ ಜಾರುವುದಿಲ್ಲ, ಅಲುಗಾಡುವ ಭಾಗವೂ ಇಲ್ಲ. ಹೊಸದಾಗಿ ಟಾರ್ಗೆಟ್ ಕಲಿಯುವವರಿಗೆ ನಾನಂತೂ ಇದನ್ನೇ ಹೇಳುತ್ತೇನೆ.

ಒಲಿಂಪಿಕ್ಸ್‌ನ ರಿಕರ್ವ್ ಬಿಲ್ಲುಗಳನ್ನು (ರಾಟೆ ಇಲ್ಲದ, ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ನೋಡಿದ್ದೀರಲ್ವಾ? ಅಲ್ಲಿ ಬಾಣ ಕೂರುವುದು ಒಂದು ತೆಳು ತಂತಿಯ ಮೇಲೆ, ಪಕ್ಕದಲ್ಲಿ ಬಾಣಕ್ಕೆ ಆನಿಕೊಳ್ಳುವ, ಸ್ಪ್ರಿಂಗ್ ಇರುವ ಸಣ್ಣ ಗುಂಡಿ, ಅದೇ ಪ್ಲಂಜರ್. ಡ್ರಾಪ್ ಅವೇ ಇಲ್ಲದೆಯೇ 70 ಮೀಟರ್ ದೂರಕ್ಕೆ ಹೊಡೆಯುವುದು ಅದರಲ್ಲೇ.