ಮೋವರ್‌ಗೆ ಹೊಸ ಬ್ಯಾಟರಿ ತರುವ ಮೊದಲು ಒಂದು ಸಲ ಅಳೆದು ನೋಡಿ

ಮೇ ತಿಂಗಳು ಬಂದರೆ ನನಗೆ ಗೆಳೆಯರಿಂದ ಒಂದು ಫೋನ್ ಬಂದೇ ಬರುತ್ತದೆ. "ರೈಡಿಂಗ್ ಮೋವರ್ ಸ್ಟಾರ್ಟ್ ಆಗ್ತಿಲ್ಲ ಕಣೋ. ಹೊಸ ಬ್ಯಾಟರಿ ಹಾಕಿ ಇನ್ನೂ ಮೂರು ವಾರ ಆಗಿಲ್ಲ." ರೈಡಿಂಗ್ ಮೋವರ್ ಅಂದರೆ ಮೇಲೆ ಕೂತು ಓಡಿಸುವ, ಹುಲ್ಲು ಕತ್ತರಿಸುವ ಗಾಡಿ. ನಿನ್ನೆಯೂ ಅಂಥ ಫೋನ್ ಬಂತು. ಅದಕ್ಕೇ ಇದನ್ನು ಬರೆಯಲು ಕೂತೆ.

ಓಹಾಯೊದಲ್ಲಿ ನಾವಿರುವ ಕಡೆ ಮನೆ ಸುತ್ತ ಒಂದು, ಒಂದೂವರೆ ಎಕರೆ ಹುಲ್ಲು. ಮಳೆ ಬಿದ್ದ ಮೇಲೆ ಒಂದು ವಾರ ಬಿಟ್ಟರೆ ಸಾಕು, ಪಾದ ಮುಚ್ಚುವಷ್ಟು ಬೆಳೆದಿರುತ್ತದೆ. ತಳ್ಳುವ ಮೋವರ್‌ನಲ್ಲಿ ಮುಗಿಯುವ ಕೆಲಸ ಅಲ್ಲ. ಹಾಗಾಗಿ ಗಾಡಿ ಕೈಕೊಟ್ಟ ತಕ್ಷಣ ಎಲ್ಲರೂ ಅಂಗಡಿಗೆ ಓಡಿ ಬ್ಯಾಟರಿ ತರುತ್ತಾರೆ. ನಾನೂ ತಂದೆ. ಒಂದೇ ಬೇಸಿಗೆಯಲ್ಲಿ ಎರಡು. "ಬ್ಯಾಟರಿನೇ ಹೋಗಿದೆ" ಅಂತ ಅಂಗಡಿಯವರು ಅಂದರು, ನಾನು ನಂಬಿದೆ. ಚೆನ್ನಾಗಿದ್ದ ಬ್ಯಾಟರಿಯನ್ನು ಸುಮ್ನೆ ಕೊಟ್ಟು ಬಂದೆನಲ್ಲ ಅಂತ ಇವತ್ತಿಗೂ ಬೇಜಾರಿದೆ.

ಎರಡನೆಯದೂ ಮೂರು ಸಲ ಹುಲ್ಲು ಕತ್ತರಿಸುವಷ್ಟರಲ್ಲಿ ಮಲಗಿತು. ಕೀ ತಿರುಗಿಸಿದರೆ ಸೊಲೆನಾಯ್ಡ್ (ಸ್ಟಾರ್ಟರ್ ಮೋಟಾರ್‌ಗೆ ಕರೆಂಟ್ ಬಿಡುವ ಸ್ವಿಚ್) ಟಕ್ ಅನ್ನುತ್ತಿತ್ತು, ಅಷ್ಟೇ. ಆಗ ಮೊದಲ ಸಲ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹೊರಗೆ ತೆಗೆದೆ. ರಾತ್ರಿಯೆಲ್ಲಾ ಚಾರ್ಜ್‌ಗೆ ಹಾಕಿ ಬೆಳಗ್ಗೆ ನೋಡಿದರೆ 12.7 ವೋಲ್ಟ್. ಅಂದರೆ ಬ್ಯಾಟರಿ ತುಂಬಿದೆ. ಎಂಜಿನ್ ಸ್ಟಾರ್ಟ್ ಮಾಡಿ ಥ್ರಾಟಲ್, ಅಂದರೆ ಎಂಜಿನ್ ವೇಗದ ಲಿವರ್, ಪೂರ್ತಿ ಏರಿಸಿ ಮತ್ತೆ ಬ್ಯಾಟರಿಗೆ ಮೀಟರ್ ಹಿಡಿದೆ. ಆಗ 13.5ರಿಂದ 14.5ರ ಒಳಗೆ ತೋರಿಸಬೇಕು. ನನ್ನದು 12.4 ತೋರಿಸಿತು. ನೋಡ್ತಾ ನೋಡ್ತಾ 12.3ಕ್ಕೆ ಇಳಿಯಿತು. ಬ್ಯಾಟರಿ ತನ್ನಲ್ಲಿದ್ದದ್ದನ್ನು ಕೊಡುತ್ತಲೇ ಇತ್ತು, ಅದಕ್ಕೆ ಏನೂ ವಾಪಸ್ ಬರುತ್ತಿರಲಿಲ್ಲ.

ಚಿಕ್ಕವರಿದ್ದಾಗ ಸೈಕಲ್‌ಗೆ ಡೈನಮೋ ಇರುತ್ತಿತ್ತಲ್ಲ, ಜೋರಾಗಿ ತುಳಿದಷ್ಟೂ ದೀಪ ಜಾಸ್ತಿ ಬೆಳಗುತ್ತಿತ್ತು. ಇಲ್ಲೂ ಅದೇ ಲೆಕ್ಕ. ಎಂಜಿನ್ ಜೊತೆಗೇ ತಿರುಗುವ ಭಾರದ ಚಕ್ರ, ಫ್ಲೈವೀಲ್, ಅದರ ಒಳಗೆ ಅಯಸ್ಕಾಂತಗಳಿವೆ. ಅದರ ಕೆಳಗೆ ಸ್ಟೇಟರ್, ಅಂದರೆ ತಾಮ್ರದ ತಂತಿ ಸುತ್ತಿದ ಸುರುಳಿಗಳು. ತಿಪಟೂರಿನಲ್ಲಿ ಅಪ್ಪನ ಜೊತೆ ಪಂಪ್‌ಸೆಟ್ ಮೋಟಾರ್ ಹೊತ್ತುಕೊಂಡು ರಿವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿನ ವಾರ್ನಿಷ್ ವಾಸನೆ ಈಗಲೂ ನೆನಪಿದೆ. ಅಂಥದ್ದೇ ಸುರುಳಿ, ಗಾತ್ರ ಚಿಕ್ಕದು. ಸ್ಟೇಟರ್‌ನಿಂದ ಬರುವುದು ಎ.ಸಿ. ಕರೆಂಟ್. ಅದನ್ನು ಡಿ.ಸಿ. ಮಾಡಿ, ಹದದಲ್ಲಿಟ್ಟು ಬ್ಯಾಟರಿಗೆ ಕಳಿಸುವುದು ರೆಗ್ಯುಲೇಟರ್.

ಫ್ಯೂಸ್ ನೋಡಿದೆ, ಸರಿ ಇತ್ತು. ಎಂಜಿನ್ ಆರಿಸಿ ರೆಗ್ಯುಲೇಟರ್‌ನ ಪ್ಲಗ್ ಬಿಚ್ಚಿದೆ. ಮತ್ತೆ ಸ್ಟಾರ್ಟ್ ಮಾಡಿ ಸ್ಟೇಟರ್‌ನ ಎರಡು ತಂತಿಗೆ ಮೀಟರ್ ಹಿಡಿದರೆ 31 ವೋಲ್ಟ್ ಎ.ಸಿ. ಈ ಬಗೆಯ ಬಹಳಷ್ಟು ಎಂಜಿನ್‌ಗಳಲ್ಲಿ ಪೂರ್ತಿ ವೇಗದಲ್ಲಿ 28-30 ಬಂದರೆ ಸ್ಟೇಟರ್ ಚೆನ್ನಾಗಿದೆ ಅಂತಲೇ ಅರ್ಥ. ಉಳಿದದ್ದು ರೆಗ್ಯುಲೇಟರ್. ಹೊಸದು ಆರ್ಡರ್ ಮಾಡಲು ಹೊರಟವನು ಯಾಕೋ ಇರಲಿ ಅಂತ ಅದರ ಎರಡು ಸ್ಕ್ರೂ ಬಿಚ್ಚಿದೆ. ಅಂಗೈಯಲ್ಲಿ ಹಿಡಿಯುವಷ್ಟು ಅಲ್ಯೂಮಿನಿಯಂ ಡಬ್ಬಿ ಅದು. ಅದರ ಮೈಯೇ ಅರ್ತ್, ಅಂದರೆ ಗಾಡಿಯ ಲೋಹಕ್ಕೆ ಸರಿಯಾಗಿ ತಾಗಿದ್ದರೆ ಮಾತ್ರ ಚಾರ್ಜಿಂಗ್ ಆಗುತ್ತದೆ. ಅದು ಕೂತಿದ್ದ ಜಾಗದಲ್ಲಿ ತುಕ್ಕು ಪುಡಿಪುಡಿಯಾಗಿ ಉದುರಿತು. ಕೆಂಪು ಧೂಳು ಬೆರಳಿಗೆ ಮೆತ್ತಿಕೊಂಡಿತು. ಉಪ್ಪುಕಾಗದದಿಂದ ಎರಡೂ ಕಡೆ ತಿಕ್ಕಿ, ಲೋಹ ಹೊಳೆಯುವವರೆಗೂ ಬಿಡಲಿಲ್ಲ. ಸ್ಕ್ರೂ ಬಿಗಿದು ಸ್ಟಾರ್ಟ್ ಮಾಡಿದರೆ 14.1! ಖರ್ಚು ಒಂದು ಡಾಲರ್ ಕೂಡ ಇಲ್ಲ.

ಎಲ್ಲರ ಗಾಡಿಯಲ್ಲೂ ಇದೇ ತೊಂದರೆ ಇರಬೇಕಿಲ್ಲ. ಕೆಲವು ಸಲ ಬ್ಯಾಟರಿಯೇ ಹೋಗಿರುತ್ತದೆ. ಸೀಟಿನ ಕೆಳಗೆ ಅಥವಾ ಬ್ರೇಕ್ ಪೆಡಲ್‌ನಲ್ಲಿ ಇರುವ ಸುರಕ್ಷತೆಯ ಸ್ವಿಚ್ ಕೆಟ್ಟರೂ ಗಾಡಿ ಮಿಸುಕುವುದಿಲ್ಲ. ಅದಕ್ಕೇ ಅಳೆಯಿರಿ ಅನ್ನುವುದು. ಇನ್ನೊಂದು, ಸದ್ದು ಜಾಸ್ತಿ ಅಂತ ಅರ್ಧ ಥ್ರಾಟಲ್‌ನಲ್ಲೇ ಓಡಿಸಬೇಡಿ. ಬ್ಲೇಡನ್ನು ಎಂಜಿನ್‌ಗೆ ಜೋಡಿಸಲು ಎಲೆಕ್ಟ್ರಿಕ್ ಕ್ಲಚ್ ಇದ್ದರೆ ಅದೇ ಸುಮಾರು 4 ಆಂಪಿಯರ್ ಕರೆಂಟ್ ಎಳೆಯುತ್ತದೆ. ಎಂಜಿನ್ ನಿಧಾನ ತಿರುಗಿದರೆ ಚಾರ್ಜಿಂಗ್ ಕೂಡ ಕಡಿಮೆ ಅಲ್ವಾ?

ನಮ್ಮೂರ ಕಡೆ ಟ್ರ್ಯಾಕ್ಟರ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ಡೈನಮೋ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ಮೋವರ್‌ಗೆ ದಯವಿಟ್ಟು ಹಾಗೆ ಮಾಡಬೇಡಿ, ಚೆನ್ನಾಗಿರುವ ರೆಗ್ಯುಲೇಟರ್ ಸುಟ್ಟು ಹೋಗಬಹುದು. ಕಾರಿನ ಬ್ಯಾಟರಿಗೆ ವೈರ್ ಜೋಡಿಸಿ ಮೋವರ್ ಸ್ಟಾರ್ಟ್ ಮಾಡುವುದಾದರೆ (ಜಂಪ್) ಕಾರಿನ ಎಂಜಿನ್ ಆರಿಸಿರಲಿ. ಚಳಿಗಾಲದಲ್ಲಿ ಬ್ಯಾಟರಿ ಬಿಚ್ಚಿ ಒಳಗಿಟ್ಟು ಆಗಾಗ ಚಾರ್ಜ್ ಮಾಡಿ. ಖಾಲಿಯಾದ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟಿ ಒಡೆದೇ ಹೋಗಬಹುದು.

ನಿನ್ನೆ ಫೋನ್ ಮಾಡಿದ ಗೆಳೆಯ ಮೀಟರ್ ಹಿಡಿದು ಈಗಷ್ಟೇ ಮೆಸೇಜ್ ಹಾಕಿದ್ದಾನೆ. ಎಂಜಿನ್ ಓಡುವಾಗ 12.2. "ಹೊಸ ಬ್ಯಾಟರಿ ತರಬೇಡ, ಶನಿವಾರ ಬೆಳಗ್ಗೆ ಬರ್ತೀನಿ, ಉಪ್ಪುಕಾಗದ ತೆಗೆದಿಟ್ಟಿರು" ಅಂದಿದ್ದೇನೆ.